ಸರ್ ಎಡ್ವರ್ಡ್ ಹೆನ್ರಿ

ಅಕ್ಷರ ಬಾರದವರು ಪತ್ರದ ಕೆಳಗೆ ರುಜುವಿಗೆ ಬದಲಾಗಿ ಹೆಬ್ಬೆಟ್ಟು ಒತ್ತುವುದನ್ನು ನಾವು ಕಂಡಿದ್ದೇವೆ. ಅಂಥವರನ್ನು ಹೆಬ್ಬೆಟ್ಟಿನವರೆಂದು ಹಗುರವಾಗಿ ಮಾತನಾಡುವವರೂ ಉಂಟು. ಆದರೆ ಜಮೀನಿನ ಪತ್ರ ನೋಂದಾಯಿಸುವ ಕಚೇರಿಯಲ್ಲಿ ಎಷ್ಟೇ ಓದಿದವರಾದರೂ ರುಜುವಿನ ಜೊತೆಗೆ ಹೆಬ್ಬೆರಳನ್ನು ಒತ್ತಲೇಬೇಕು. ಅದಕ್ಕೆ ಕಾರಣವಿದೆ. ರುಜುವನ್ನು ಇನ್ನೊಬ್ಬನು ಅನುಕರಿಸಬಹುದು. ಹೆಸರನ್ನು ದಿನಕ್ಕೊಂದರಂತೆ ಬದಲಿಸಿಕೊಳ್ಳಬಹುದು. ಗಡ್ಡ ಬಿಟ್ಟು, ಇಲ್ಲವೆ ತಲೆ ಬೋಳಿಸಿಕೊಂಡು, ಮುಖವನ್ನೇ ಮರೆಮಾಚಬಹುದು. ಬೆರಳ ತುದಿಯ ಗೆರೆಗಳನ್ನು ಮಾತ್ರ ಹೀಗೆ ಬದಲಿಸಲಾಗದು. ತಾಯಿಯ ಗರ್ಭದಲ್ಲಿರುವಾಗಲೇ ಮೂಡುವ ಈ ಗೆರೆಗಳು ಮುಪ್ಪಿನವರೆಗೂ ತಮ್ಮ ರೂಪವನ್ನು ಬಿಡುವುದಿಲ್ಲ. ಅವಳಿ ಮಕ್ಕಳಲ್ಲಿಯೂ ಒಬ್ಬರ ಗೆರೆ ಇನ್ನೊಬ್ಬರದರಂತೆ ಇರುವುದಿಲ್ಲ.

ಈ ಗೆರೆಗಳನ್ನು ಒಂದು ಕ್ರಮಬದ್ಧವಾದ ಶಾಸ್ತ್ರವಾಗಿ ಪೊಲೀಸರ ಕೈಗೆ ತಂದುಕೊಟ್ಟವರಲ್ಲಿ ಸರ್ ಎಡ್ವರ್ಡ್ ಹೆನ್ರಿ ಪ್ರಮುಖರು. ಅವರು ನಮ್ಮ ದೇಶದ ಬಂಗಾಳ ಪ್ರಾಂತದಲ್ಲಿ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದು, ಮುಂದೆ ಹದಿನೈದು ವರ್ಷಗಳ ಕಾಲ ಲಂಡನ್ ಮಹಾನಗರದ ಪೊಲೀಸ್ ಕಮಿಷನರಾಗಿದ್ದರು.

ಹೆನ್ರಿ 1850ನೆಯ ಇಸವಿ ಜುಲೈ 26ರಂದು ಪೂರ್ವ ಲಂಡನ್ನಿನ ಷ್ಯಾಡ್ವೆಲ್ ಎಂಬಲ್ಲಿ ಜನಿಸಿದರು. ಅದು ಥೇಮ್ಸ್ ನದಿಯ ಹಡಗುಕಟ್ಟೆಗಳಿಗೆ ಹೊಂದಿಕೊಂಡಿದ್ದ, ಬಡ ಕೂಲಿಗಾರರಿಂದ ತುಂಬಿದ್ದ ಪ್ರದೇಶ. ತಂದೆ ಐರಿಷ್ ಮೂಲದ ವೈದ್ಯರು. ಹದಿನಾರನೆಯ ವಯಸ್ಸಿಗೇ ಹೆನ್ರಿ ಹಡಗುಗಳ ವಿಮೆಗೆ ಹೆಸರಾದ ಲಾಯ್ಡ್ಸ್ ಸಂಸ್ಥೆಯಲ್ಲಿ ಗುಮಾಸ್ತರಾದರು. ಹಗಲೆಲ್ಲ ಲೆಕ್ಕ ಬರೆದು, ಸಂಜೆ ಯೂನಿವರ್ಸಿಟಿ ಕಾಲೇಜಿನ ತರಗತಿಗಳಲ್ಲಿ ಕುಳಿತು ಓದಿದರು. 1873ರಲ್ಲಿ ಇಂಡಿಯನ್ ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂಗಾಳಕ್ಕೆ ಬಂದರು. ಇಲ್ಲಿ ಹಿಂದಿ, ಉರ್ದು ಭಾಷೆಗಳನ್ನು ಕಲಿತು, ಕಂದಾಯ ಇಲಾಖೆಯಲ್ಲಿ ಹಲವು ಹುದ್ದೆಗಳನ್ನು ನಿರ್ವಹಿಸಿ, 1891ರಲ್ಲಿ ಬಂಗಾಳದ ಇನ್ಸ್‌ಪೆಕ್ಟರ್ ಜನರಲ್ ಆಫ್ ಪೊಲೀಸ್ ಆದರು.

ಆ ಕಾಲದ ಪೊಲೀಸರನ್ನು ಬಹುವಾಗಿ ಕಾಡುತ್ತಿದ್ದುದು ಒಂದು ಸರಳವಾದ ಪ್ರಶ್ನೆ: ತಮ್ಮೆದುರಿಗೆ ನಿಂತಿರುವ ಮನುಷ್ಯನು ಯಾರು? ಒಂದು ಊರಿನಲ್ಲಿ ಕಳವು ಮಾಡಿ ಶಿಕ್ಷೆ ಅನುಭವಿಸಿದವನು ಮತ್ತೊಂದು ಊರಿನಲ್ಲಿ ಬೇರೆ ಹೆಸರಿನಿಂದ ಸಿಕ್ಕಿಬಿದ್ದರೆ, ಅವನು ಹಳೆಯ ಅಪರಾಧಿಯೆಂದು ಹೇಳುವ ದಾರಿಯೇ ಇರಲಿಲ್ಲ. ಹಿಂದೆ ಅವನನ್ನು ಕಂಡಿದ್ದ ಜೈಲಿನ ಕಾವಲುಗಾರನೊಬ್ಬನು ಬಂದು ಗುರುತಿಸಬೇಕಾಗಿತ್ತು. ಕಣ್ಣಿನ ನೆನಪನ್ನೇ ನಂಬಿದುದರಿಂದ ತಪ್ಪಿತಸ್ಥರು ತಪ್ಪಿಸಿಕೊಳ್ಳುತ್ತಿದ್ದರು; ಅದಕ್ಕಿಂತಲೂ ಕೆಟ್ಟದ್ದೆಂದರೆ, ತಪ್ಪು ಮಾಡದವರು ಸಿಕ್ಕಿಬೀಳುತ್ತಿದ್ದರು.

ಪ್ಯಾರಿಸ್ಸಿನ ಆಲ್ಫಾನ್ಸ್ ಬರ್ಟಿಲನ್ ಎಂಬಾತನು ಇದಕ್ಕೊಂದು ಉಪಾಯವನ್ನು ಕಂಡುಹಿಡಿದಿದ್ದನು. ಬಂದಿಯ ತಲೆಯ ಉದ್ದಗಲ, ತೋಳಿನ ನೀಳ, ಪಾದದ ಅಳತೆ ಮುಂತಾದುವನ್ನು ಉಪಕರಣಗಳಿಂದ ಅಳೆದು ಕಾರ್ಡಿನಲ್ಲಿ ಬರೆದಿಡುವುದು ಅವನ ಪದ್ಧತಿ. ಹೆನ್ರಿ ಮೊದಲು ಬಂಗಾಳದಲ್ಲಿ ಜಾರಿಗೆ ತಂದುದೂ ಇದನ್ನೇ. ಆದರೆ ಒಬ್ಬನು ಬಿಗಿಯಾಗಿ ಹಿಡಿದು ಅಳೆದರೆ ಇನ್ನೊಬ್ಬನು ಸಡಿಲವಾಗಿ ಅಳೆಯುವನು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಾರ್ಡು ಬೇರೆ ಗೂಡಿಗೆ ಹೋಗಿ ಸೇರುವುದು. ಬೆಳೆಯುವ ವಯಸ್ಸಿನವರಿಗಂತೂ ಈ ಪದ್ಧತಿ ಹೊಂದುತ್ತಲೇ ಇರಲಿಲ್ಲ.

ಬೆರಳುಮುದ್ರೆಯ ವಿಚಾರ ಬಂಗಾಳಕ್ಕೆ ಹೊಸದೇನೂ ಆಗಿರಲಿಲ್ಲ. 1858ರಲ್ಲಿಯೇ ಜಂಗೀಪುರದಲ್ಲಿದ್ದ ವಿಲಿಯಂ ಹರ್ಷಲ್ ಎಂಬ ಅಧಿಕಾರಿಯು ರಸ್ತೆಗೆ ಬೇಕಾದ ಸಾಮಗ್ರಿ ಒದಗಿಸುವ ಕರಾರುಪತ್ರದ ಮೇಲೆ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಇಡೀ ಅಂಗೈಯ ಗುರುತನ್ನು ಒತ್ತಿಸಿಕೊಂಡಿದ್ದನು. ಮುಂದೆ 1877ರಲ್ಲಿ ಹೂಗ್ಲಿ ಜಿಲ್ಲೆಯಲ್ಲಿ ಪಿಂಚಣಿದಾರರಿಂದಲೂ, ಪತ್ರ ನೋಂದಾಯಿಸುವವರಿಂದಲೂ ಬೆರಳುಮುದ್ರೆ ತೆಗೆದುಕೊಳ್ಳುವ ವಾಡಿಕೆಯನ್ನು ಅವನು ಆರಂಭಿಸಿದನು. ಸತ್ತವರ ಹೆಸರಿನಲ್ಲಿ ಪಿಂಚಣಿ ಪಡೆಯುತ್ತಿದ್ದ ಮೋಸ ಇದರಿಂದ ತಗ್ಗಿತು. ಜಪಾನಿನಲ್ಲಿದ್ದ ಹೆನ್ರಿ ಫಾಲ್ಡ್ಸ್ ಎಂಬ ಸ್ಕಾಟಿಷ್ ವೈದ್ಯನು, ಅಪರಾಧ ನಡೆದ ಸ್ಥಳದಲ್ಲಿ ಉಳಿದ ಬೆರಳ ಗುರುತಿನಿಂದ ಅಪರಾಧಿಯನ್ನು ಹಿಡಿಯಬಹುದೆಂದು 1880ರಲ್ಲಿ ಬರೆದನು. 1892ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿಯು ಈ ವಿಷಯದ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದನು. ಅದೇ ಕಾಲದಲ್ಲಿ ದೂರದ ಅರ್ಜೆಂಟೀನಾದಲ್ಲಿ ಹುವಾನ್ ವುಸೆಟಿಚ್ ಎಂಬ ಪೊಲೀಸ್ ಅಧಿಕಾರಿಯು ಸ್ವತಂತ್ರವಾಗಿ ಇದೇ ಕೆಲಸದಲ್ಲಿ ತೊಡಗಿದ್ದನು.

ಹಾಗಾದರೆ ಉಳಿದಿದ್ದ ಕಷ್ಟವೇನು? ಹುಡುಕುವ ಕಷ್ಟ. ಕಚೇರಿಯಲ್ಲಿ ಲಕ್ಷ ಕಾರ್ಡುಗಳಿವೆಯೆನ್ನಿ. ಇಂದು ಹಿಡಿದು ತಂದವನ ಗುರುತು ಅವುಗಳಲ್ಲಿ ಯಾವುದಕ್ಕೆ ಹೊಂದುವುದೆಂದು ಒಂದೊಂದನ್ನೇ ತೆಗೆದು ನೋಡುತ್ತ ಕುಳಿತರೆ ತಿಂಗಳುಗಳೇ ಬೇಕು. ಅಕಾರಾದಿ ಕ್ರಮವಿಲ್ಲದ ನಿಘಂಟಿನಲ್ಲಿ ಪದವನ್ನು ಹುಡುಕಿದಂತೆ ಅದು. ಗೆರೆಗಳಿಗೆ ಅಂಥದೊಂದು ಅಕಾರಾದಿಯನ್ನು ಕಂಡುಹಿಡಿಯುವುದೇ ನಿಜವಾದ ಸಮಸ್ಯೆಯಾಗಿತ್ತು. ಗಾಲ್ಟನ್ನನಿಗೂ ಅದು ಪೂರ್ತಿಯಾಗಿ ಕೈವಶವಾಗಿರಲಿಲ್ಲ.

ಹೆನ್ರಿ ಗಾಲ್ಟನ್ನನೊಡನೆ ಪತ್ರವ್ಯವಹಾರ ನಡೆಸಿ, 1894ರಲ್ಲಿ ಲಂಡನ್ನಿಗೆ ಹೋದಾಗ ಅವನ ಪ್ರಯೋಗಶಾಲೆಯನ್ನು ಕಂಡು ಬಂದರು. ಕಲ್ಕತ್ತೆಯಲ್ಲಿ ಅವರ ಕೈಕೆಳಗೆ ಇಬ್ಬರು ತರುಣ ಅಧಿಕಾರಿಗಳಿದ್ದರು. ಒಬ್ಬರು ಅಜೀಜುಲ್ ಹಕ್. ಖುಲ್ನಾ ಪ್ರಾಂತದವರಾದ ಅವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತವನ್ನು ಓದಿದ್ದರು. ಅಲ್ಲಿನ ಪ್ರಾಂಶುಪಾಲರ ಶಿಫಾರಸಿನ ಮೇಲೆ ಹೆನ್ರಿ ಅವರನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ಇನ್ನೊಬ್ಬರು ಹೇಮಚಂದ್ರ ಬೋಸ್. 1896 ಮತ್ತು 97ರಲ್ಲಿ ಈ ಕಚೇರಿಯಲ್ಲಿ ವರ್ಗೀಕರಣದ ಪದ್ಧತಿಯೊಂದು ರೂಪುಗೊಂಡಿತು. ಅದರ ಜಾಣ್ಮೆಯನ್ನು ಇಲ್ಲಿ ಸ್ವಲ್ಪ ವಿವರಿಸಿದರೆ ತಪ್ಪಾಗಲಾರದು. ಪಾಠವನ್ನು ಓದುವವರು ತಮ್ಮ ಬೆರಳುಗಳನ್ನೇ ನೋಡಿಕೊಂಡು ಪರೀಕ್ಷಿಸಬಹುದು.

ನಮ್ಮ ಹಿರಿಯರು ಸಾಮುದ್ರಿಕದ ಪ್ರಕಾರ ಮಗುವಿನ ಬೆರಳುಗಳಲ್ಲಿ ಶಂಖವೆಷ್ಟು, ಚಕ್ರವೆಷ್ಟು ಎಂದು ಎಣಿಸುವುದುಂಟು. ಗೆರೆಗಳು ಸುಳಿಯಾಗಿ ಸುತ್ತಿಕೊಂಡಿದ್ದರೆ ಚಕ್ರ. ಕುಣಿಕೆಯಂತೆ ಹೋಗಿ ಬಂದ ಕಡೆಗೇ ತಿರುಗಿದ್ದರೆ ಶಂಖ. ಕೆಲವರ ಬೆರಳುಗಳಲ್ಲಿ ಗೆರೆಗಳು ಕಮಾನಿನಂತೆ ಬಾಗಿ ಆಚೆಗೆ ಸಾಗಿಬಿಡುವುವು. ಕಲ್ಕತ್ತೆಯ ಕಚೇರಿಯವರು ಇದರಿಂದ ಭವಿಷ್ಯವನ್ನು ನೋಡಲಿಲ್ಲ, ಲೆಕ್ಕವನ್ನು ಮಾಡಿದರು. ಹತ್ತು ಬೆರಳುಗಳನ್ನು ಐದು ಜೋಡಿಗಳಾಗಿ ವಿಂಗಡಿಸಿದರು. ಬಲಗೈಯ ಹೆಬ್ಬೆರಳು, ತೋರುಬೆರಳು ಮೊದಲನೆಯ ಜೋಡಿ. ನಡುಬೆರಳು, ಉಂಗುರದ ಬೆರಳು ಎರಡನೆಯದು. ಬಲಗೈಯ ಕಿರುಬೆರಳು, ಎಡಗೈಯ ಹೆಬ್ಬೆರಳು ಮೂರನೆಯದು. ಹೀಗೆಯೇ ಎಡಗೈಯ ಕಿರುಬೆರಳಿನವರೆಗೆ. ಮೊದಲನೆಯ ಜೋಡಿಯ ಬೆರಳಿನಲ್ಲಿ ಚಕ್ರವಿದ್ದರೆ ಅದಕ್ಕೆ 16 ಅಂಕ. ಮುಂದಿನ ಜೋಡಿಗಳಿಗೆ ಕ್ರಮವಾಗಿ 8, 4, 2, 1. ಚಕ್ರವಿಲ್ಲದ ಬೆರಳಿಗೆ ಸೊನ್ನೆ. ಎಲ್ಲ ಜೋಡಿಗಳ ಎರಡನೆಯ ಬೆರಳುಗಳ ಅಂಕಗಳನ್ನು ಕೂಡಿಸಿ, ಒಂದನ್ನು ಸೇರಿಸಿದರೆ ಭಿನ್ನರಾಶಿಯ ಅಂಶ. ಮೊದಲನೆಯ ಬೆರಳುಗಳ ಅಂಕಗಳನ್ನು ಕೂಡಿಸಿ, ಒಂದನ್ನು ಸೇರಿಸಿದರೆ ಅದರ ಛೇದ. ಒಂದು ಬೆರಳಿನಲ್ಲೂ ಚಕ್ರವಿಲ್ಲದವನ ಸಂಖ್ಯೆ 1/1. ಹತ್ತರಲ್ಲೂ ಚಕ್ರವಿರುವವನದು 32/32. ಬಲಗೈಯ ತೋರುಬೆರಳೊಂದರಲ್ಲಿ ಮಾತ್ರ ಚಕ್ರವಿರುವವನದು 17/1. ಹೀಗೆ ಮೂವತ್ತೆರಡನ್ನು ಮೂವತ್ತೆರಡರಿಂದ ಗುಣಿಸಿ 1,024 ವರ್ಗಗಳಾದುವು. ಗೋಡೆಯ ಮೇಲೆ ಅಷ್ಟೇ ಗೂಡುಗಳನ್ನು ಮಾಡಿಸಿ ಕಾರ್ಡುಗಳನ್ನು ಹಂಚಿಟ್ಟರು. ಕಾರ್ಡುಗಳು ಹೆಚ್ಚಾಗಿ ಸೇರುವ ಗೂಡುಗಳಲ್ಲಿ, ಗೆರೆಗಳನ್ನು ಎಣಿಸಿ ಮತ್ತೆ ಒಳವಿಭಾಗಗಳನ್ನು ಮಾಡಿದರು. ಲಕ್ಷ ಕಾರ್ಡುಗಳ ನಡುವೆ ಬೇಕಾದುದನ್ನು ಹುಡುಕುವುದು ಈಗ ಕೆಲವೇ ನಿಮಿಷಗಳ ಕೆಲಸವಾಯಿತು.

ಈ ಸೂತ್ರವು ಹೆನ್ರಿಗೆ ರೈಲಿನಲ್ಲಿ ಪ್ರಯಾಣ ಮಾಡುವಾಗ ಥಟ್ಟನೆ ಹೊಳೆಯಿತೆಂದೂ, ಕಾಗದವಿಲ್ಲದೆ ಅಂಗಿಯ ತೋಳಿನ ಪಟ್ಟಿಯ ಮೇಲೆಯೇ ಗುರುತು ಹಾಕಿಕೊಂಡರೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕಥೆ ಸೊಗಸಾಗಿದೆ. ಆದರೆ ಗಣಿತದ ಈ ಕಟ್ಟಡವನ್ನು ಕಟ್ಟಿದವರು ಮುಖ್ಯವಾಗಿ ಅಜೀಜುಲ್ ಹಕ್ ಎಂಬುದನ್ನು ಇಂದು ವಿದ್ವಾಂಸರು ಒಪ್ಪುತ್ತಾರೆ. ಬೆರಳುಮುದ್ರೆಯ ವಿವರವನ್ನು ತಂತಿಯ ಮೂಲಕ ಕಳುಹಿಸಲು ಸಾಂಕೇತಿಕ ಪದ್ಧತಿಯೊಂದನ್ನು ರಚಿಸಿದವರು ಹೇಮಚಂದ್ರ ಬೋಸ್. ಹೆನ್ರಿ ಸಮಸ್ಯೆಯನ್ನು ಸರಿಯಾಗಿ ಗುರುತಿಸಿದರು, ತಕ್ಕವರನ್ನು ಆರಿಸಿದರು, ಸರ್ಕಾರವನ್ನು ಒಪ್ಪಿಸಿದರು. ಇವು ಸಣ್ಣ ಕೆಲಸಗಳಲ್ಲ. ಆದರೂ 1900ರಲ್ಲಿ ಈ ಪದ್ಧತಿಯನ್ನು ವಿವರಿಸುವ ಗ್ರಂಥವು ಅವರೊಬ್ಬರ ಹೆಸರಿನಲ್ಲಿಯೇ ಹೊರಬಂದಿತು. ಲೋಕವು ಅದನ್ನು ಹೆನ್ರಿ ಪದ್ಧತಿಯೆಂದೇ ಕರೆಯಿತು.

1897ರಲ್ಲಿ ಭಾರತ ಸರ್ಕಾರವು ಒಂದು ಸಮಿತಿಯನ್ನು ನೇಮಿಸಿ, ಅಳತೆಯ ಪದ್ಧತಿಯನ್ನೂ ಬೆರಳುಮುದ್ರೆಯ ಪದ್ಧತಿಯನ್ನೂ ತೂಗಿ ನೋಡಿ ಎರಡನೆಯದನ್ನೇ ಅಂಗೀಕರಿಸಿತು. ಅದೇ ವರ್ಷ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಬೆರಳುಮುದ್ರೆಯ ಕಚೇರಿಯು ಜಗತ್ತಿನಲ್ಲೇ ಮೊದಲನೆಯವುಗಳಲ್ಲಿ ಒಂದು.

ಮರುವರ್ಷವೇ ಪದ್ಧತಿಗೆ ಪರೀಕ್ಷೆಯೊದಗಿತು. ಜಲಪಾಯಿಗುರಿ ಜಿಲ್ಲೆಯ ಚಹಾ ತೋಟದ ವ್ಯವಸ್ಥಾಪಕನೊಬ್ಬನನ್ನು ಯಾರೋ ಕತ್ತು ಕೊಯ್ದು ಕೊಂದು, ಹಣವನ್ನು ಅಪಹರಿಸಿದ್ದರು. ಕೂಲಿಗಳ ಮೇಲೆ ಸಂಶಯ. ಬಟ್ಟೆಯಲ್ಲಿ ರಕ್ತದ ಕಲೆಯಿದ್ದ ಅಡುಗೆಯವನ ಮೇಲೆ ಸಂಶಯ. ಆ ಕಡೆ ಸುಳಿದಾಡಿದ್ದ ಕಾಬೂಲಿಗಳ ಮೇಲೆ ಸಂಶಯ. ಹಳೆಯ ರೀತಿಯಲ್ಲಿ ತನಿಖೆ ನಡೆದಿದ್ದರೆ ಇವರಲ್ಲಿ ಯಾರ ಕೊರಳಿಗೆ ಹಗ್ಗ ಬೀಳುತ್ತಿತ್ತೋ ತಿಳಿಯದು. ಆದರೆ ಸತ್ತವನ ಕಾಗದಪತ್ರಗಳ ನಡುವೆ ಇದ್ದ ಬಂಗಾಳಿ ಪಂಚಾಂಗವೊಂದರ ಹೊದಿಕೆಯ ಮೇಲೆ ಕಂದುಬಣ್ಣದ ಮಸುಕಾದ ಗುರುತೊಂದು ಕಂಡಿತು. ಅದು ರಕ್ತ ಮೆತ್ತಿದ ಹೆಬ್ಬೆರಳಿನದು. ಕಲ್ಕತ್ತೆಯಲ್ಲಿ ಕಾರ್ಡುಗಳೊಡನೆ ಹೋಲಿಸಿದಾಗ, ಹಿಂದೆ ಅದೇ ವ್ಯವಸ್ಥಾಪಕನ ದೂರಿನ ಮೇಲೆ ಕಳವಿಗಾಗಿ ಜೈಲಿಗೆ ಹೋಗಿದ್ದ ಕಾಂಗಾಲಿ ಚರಣ್ ಎಂಬ ಸೇವಕನ ಬಲಗೈ ಹೆಬ್ಬೆರಳಿಗೆ ಅದು ಹೊಂದಿಕೊಂಡಿತು. ಅವನನ್ನು ದೂರದ ಬೀರಭೂಮ್ ಜಿಲ್ಲೆಯಲ್ಲಿ ಹಿಡಿದರು. ನ್ಯಾಯಾಲಯವು 1898ರಲ್ಲಿ ಅವನಿಗೆ ಕಳವಿಗಾಗಿ ಶಿಕ್ಷೆ ವಿಧಿಸಿತು; ಕೊಲೆಯನ್ನು ಕಣ್ಣಾರೆ ಕಂಡವರಿಲ್ಲವೆಂದು ಆ ಆರೋಪದಿಂದ ಬಿಟ್ಟಿತು. ಹೊಸ ಸಾಕ್ಷ್ಯವೊಂದನ್ನು ನಂಬಿ ಒಬ್ಬನ ಪ್ರಾಣವನ್ನು ತೆಗೆಯಲು ನ್ಯಾಯಾಧೀಶರು ಹಿಂಜರಿದುದು ಸಹಜವೇ. 1899ರಲ್ಲಿ ಭಾರತದ ಸಾಕ್ಷ್ಯ ಕಾಯಿದೆಗೆ ತಿದ್ದುಪಡಿಯಾಗಿ, ಬೆರಳುಮುದ್ರೆಯ ತಜ್ಞರ ಅಭಿಪ್ರಾಯಕ್ಕೆ ಕಾನೂನಿನ ಮನ್ನಣೆ ದೊರೆಯಿತು.

1900ರಲ್ಲಿ ಬ್ರಿಟಿಷ್ ಸರ್ಕಾರವು ಹೆನ್ರಿಯವರನ್ನು ದಕ್ಷಿಣ ಆಫ್ರಿಕಾಕ್ಕೆ ಕಳುಹಿಸಿತು. ಬೋಯರ್ ಯುದ್ಧದ ನಡುವೆ ಜೊಹಾನ್ಸ್‌ಬರ್ಗ್ ಮತ್ತು ಪ್ರಿಟೋರಿಯಾ ನಗರಗಳ ಪೊಲೀಸ್ ದಳವನ್ನು ಕಟ್ಟುವುದು ಅವರಿಗೆ ಒಪ್ಪಿಸಿದ ಕೆಲಸ. ಬೆರಳುಮುದ್ರೆಯ ಪದ್ಧತಿಯೂ ಅವರೊಡನೆ ಅಲ್ಲಿಗೆ ಹೋಯಿತು. ಅವರು ಅಲ್ಲಿದ್ದುದು ಸ್ವಲ್ಪ ಕಾಲವೇ. ಆದರೆ ಆರು ವರ್ಷಗಳ ಬಳಿಕ ಆ ಪದ್ಧತಿಯನ್ನು ಟ್ರಾನ್ಸ್‌ವಾಲಿನ ಸರ್ಕಾರವು ಬಳಸಹೊರಟ ರೀತಿಯನ್ನು ನಾವು ಮರೆಯುವಂತಿಲ್ಲ. ಅಲ್ಲಿ ನೆಲೆಸಿದ್ದ ಎಂಟು ವರ್ಷ ಮೀರಿದ ಪ್ರತಿಯೊಬ್ಬ ಭಾರತೀಯನೂ ಹೆಸರನ್ನು ನೋಂದಾಯಿಸಿ ಬೆರಳುಮುದ್ರೆ ಕೊಡಬೇಕೆಂಬ ಮಸೂದೆಯು 1906ರಲ್ಲಿ ಹೊರಟಿತು. ಆಗ ಗಾಂಧೀಜಿಯವರು ಹೆನ್ರಿಯವರ ಗ್ರಂಥವನ್ನು ತರಿಸಿ ಓದಿದರು. ಹತ್ತು ಬೆರಳುಗಳ ಮುದ್ರೆಯನ್ನು ಕಾನೂನಿನ ಬಲದಿಂದ ಪಡೆಯುವುದು ಅಪರಾಧಿಗಳಿಂದ ಮಾತ್ರ ಎಂಬುದು ಅವರಿಗೆ ಅದರಿಂದಲೇ ತಿಳಿದುಬಂದಿತು. ಇದನ್ನು ಅವರು ದಕ್ಷಿಣ ಆಫ್ರಿಕಾದ ಸತ್ಯಾಗ್ರಹವನ್ನು ಕುರಿತ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ. ಒಬ್ಬ ಮನುಷ್ಯನನ್ನು ತಪ್ಪಿಲ್ಲದೆ ಗುರುತಿಸಲು ಹುಟ್ಟಿದ ಉಪಾಯವು ಒಂದು ಜನಾಂಗವನ್ನೇ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿತ್ತು. ಆ ಅವಮಾನವನ್ನು ವಿರೋಧಿಸಿಯೇ ಸತ್ಯಾಗ್ರಹವು ಜನ್ಮತಾಳಿತು. ಮಸೂದೆ ಹೆನ್ರಿಯವರದಲ್ಲ, ನಿಜ. ಆದರೆ ಹತಾರವನ್ನು ತಯಾರಿಸಿದವನಿಗೆ ಅದು ಯಾರ ಕೈ ಸೇರುವುದೆಂಬುದು ಯಾವಾಗಲೂ ತಿಳಿದಿರುವುದಿಲ್ಲ.

1901ರಲ್ಲಿ ಹೆನ್ರಿ ಲಂಡನ್ ಪೊಲೀಸರ ಮುಖ್ಯ ಕಚೇರಿಯಾದ ಸ್ಕಾಟ್ಲೆಂಡ್ ಯಾರ್ಡಿಗೆ ಅಸಿಸ್ಟೆಂಟ್ ಕಮಿಷನರಾಗಿ ಬಂದರು. ಅಪರಾಧ ಪತ್ತೆಯ ಶಾಖೆ ಅವರ ವಶಕ್ಕೆ ಬಂದಿತು. ಅದೇ ಜುಲೈ ತಿಂಗಳಿನಲ್ಲಿ ಅಲ್ಲಿ ಬೆರಳುಮುದ್ರೆಯ ಶಾಖೆಯನ್ನು ತೆರೆದರು. ಲಂಡನ್ನಿನ ಹಳೆಯ ಪತ್ತೇದಾರರಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. 1902ರಲ್ಲಿ ಎಪ್ಸಮ್ಮಿನ ಡರ್ಬಿ ಕುದುರೆ ಪಂದ್ಯದ ದಿನ ಜೇಬುಗಳ್ಳತನ ಮುಂತಾದ ಅಪರಾಧಗಳಿಗಾಗಿ 54 ಮಂದಿಯನ್ನು ಹಿಡಿದಿದ್ದರು. ಮರುದಿನ ಬೆಳಿಗ್ಗೆಯೇ ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆ. ಹೆನ್ರಿಯವರ ಜನರು ಅಲ್ಲಿಯೇ ಎಲ್ಲರ ಬೆರಳುಮುದ್ರೆಗಳನ್ನು ತೆಗೆದು, ಅಂದಿನ ರಾತ್ರಿಯೇ ಯಾರ್ಡಿನ ಕಾರ್ಡುಗಳೊಡನೆ ಹೋಲಿಸಿದರು. ಬೆಳಗಾಗುವುದರೊಳಗೆ 29 ಮಂದಿ ಹಳೆಯ ಅಪರಾಧಿಗಳೆಂದು ಸಿದ್ಧವಾಯಿತು. ಇದೇ ತಮ್ಮ ಮೊದಲನೆಯ ಅಪರಾಧವೆಂದು ಕಣ್ಣೀರು ಸುರಿಸಲು ಅಣಿಯಾಗಿದ್ದವರಿಗೆ ಆ ದಿನ ಮಾತೇ ಹೊರಡದೆ ಹೋಗಿರಬೇಕು. ಅದೇ ವರ್ಷ, ಹೊಸದಾಗಿ ಬಣ್ಣ ಬಳಿದಿದ್ದ ಕಿಟಕಿಯ ಮೇಲೆ ಹೆಬ್ಬೆರಳಿನ ಗುರುತನ್ನು ಬಿಟ್ಟು ಹೋಗಿದ್ದ ಹ್ಯಾರಿ ಜಾಕ್ಸನ್ ಎಂಬ ಕನ್ನಗಳ್ಳನಿಗೆ ಶಿಕ್ಷೆಯಾಯಿತು. ಕದ್ದುದು ಬಿಲಿಯರ್ಡ್ಸ್ ಚೆಂಡುಗಳನ್ನು. ಆದದ್ದು ಏಳು ವರ್ಷಗಳ ಸೆರೆ.

1903ರಲ್ಲಿ ಹೆನ್ರಿ ಲಂಡನ್ ಮಹಾನಗರದ ಪೊಲೀಸ್ ಕಮಿಷನರಾದರು. ಮರುವರ್ಷ ಬಯಲಾದ ಅಡಾಲ್ಫ್ ಬೆಕ್ ಎಂಬಾತನ ಪ್ರಕರಣವು ದೇಶವನ್ನೇ ಕಲಕಿತು. ಹೆಂಗಸರನ್ನು ವಂಚಿಸಿ ಒಡವೆಗಳನ್ನು ಲಪಟಾಯಿಸುತ್ತಿದ್ದ ಮೋಸಗಾರನೆಂದು 1896ರಲ್ಲಿ ಬೆಕ್ಕನಿಗೆ ಏಳು ವರ್ಷಗಳ ಶಿಕ್ಷೆಯಾಗಿತ್ತು. ಮೋಸಹೋದ ಹೆಂಗಸರು ಒಬ್ಬರಾದ ಮೇಲೊಬ್ಬರು ಬಂದು ಅವನನ್ನೇ ಬೆರಳಿಟ್ಟು ತೋರಿಸಿದ್ದರು. 1877ರಲ್ಲಿ ಇಂಥದೇ ಅಪರಾಧಕ್ಕಾಗಿ ಶಿಕ್ಷೆಗೊಳಗಾದ ಜಾನ್ ಸ್ಮಿತ್ ಎಂಬವನು ಇವನೇ ಎಂದು ಹಳೆಯ ಪೊಲೀಸರೊಬ್ಬರು ಪ್ರಮಾಣ ಮಾಡಿ ಹೇಳಿದ್ದರು. ಬಿಡುಗಡೆಯಾಗಿ ಬಂದವನನ್ನು 1904ರಲ್ಲಿ, ಹೆನ್ರಿಯವರೇ ಕಮಿಷನರಾಗಿದ್ದಾಗ, ಅದೇ ಬಗೆಯ ಆರೋಪದ ಮೇಲೆ ಮತ್ತೆ ಹಿಡಿದರು. ಮತ್ತೆ ಅಪರಾಧಿಯೆಂದು ತೀರ್ಪಾಯಿತು. ಶಿಕ್ಷೆ ಪ್ರಕಟವಾಗುವ ಮೊದಲೇ ನಿಜವಾದ ವಂಚಕನು ಬೇರೊಂದೆಡೆ ಸಿಕ್ಕಿಬಿದ್ದನು. ಬೆಕ್ ತನ್ನದಲ್ಲದ ತಪ್ಪಿಗಾಗಿ ವರ್ಷಗಟ್ಟಲೆ ಸೆರೆಯಲ್ಲಿದ್ದುದು ಆಗ ತಿಳಿಯಿತು. 1877ರಲ್ಲಿ ಬೆರಳುಮುದ್ರೆಯ ವಾಡಿಕೆಯಿದ್ದಿದ್ದರೆ ಎರಡು ಕಾರ್ಡುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ಅವನನ್ನು ಉಳಿಸಬಹುದಾಗಿತ್ತು. ಸರ್ಕಾರವು ಅವನಿಗೆ 5,000 ಪೌಂಡುಗಳ ಪರಿಹಾರವನ್ನು ಕೊಟ್ಟಿತು. ಅಪರಾಧದ ಮೊಕದ್ದಮೆಗಳಿಗೆ ಮೇಲ್ಮನವಿಯ ನ್ಯಾಯಾಲಯವೊಂದು ಇಂಗ್ಲೆಂಡಿನಲ್ಲಿ 1907ರಲ್ಲಿ ಏರ್ಪಡಲು ಈ ಅನ್ಯಾಯವೂ ಒಂದು ಕಾರಣ.

1905ರ ಮಾರ್ಚ್ 27ರಂದು ಡೆಪ್ಟ್‌ಫರ್ಡ್ ಎಂಬಲ್ಲಿ ಬಣ್ಣದ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದ ವೃದ್ಧ ದಂಪತಿಗಳನ್ನು ಹೊಡೆದು ಕೊಂದರು. ಬರಿದಾದ ಹಣದ ಪೆಟ್ಟಿಗೆಯ ಒಳಗಡೆ ಒಂದು ಹೆಬ್ಬೆರಳಿನ ಗುರುತಿತ್ತು. ಅದು ಸತ್ತವರದೂ ಅಲ್ಲ, ಅಂಗಡಿಯ ಹುಡುಗನದೂ ಅಲ್ಲ, ಪೆಟ್ಟಿಗೆಯನ್ನು ಮುಟ್ಟಿದ್ದ ಪೊಲೀಸಿನವನದೂ ಅಲ್ಲವೆಂದು ಮೊದಲು ಖಚಿತಪಡಿಸಿಕೊಂಡರು. ಸಂಶಯದ ಮೇಲೆ ಹಿಡಿದ ಸ್ಟ್ರಾಟನ್ ಸಹೋದರರಲ್ಲಿ ಆಲ್ಫ್ರೆಡ್ಡನ ಬಲಗೈ ಹೆಬ್ಬೆರಳಿಗೆ ಅದು ಸರಿಹೊಂದಿತು. ಬೆರಳುಮುದ್ರೆಯ ಉಪಯೋಗವನ್ನು ಎಲ್ಲರಿಗಿಂತ ಮೊದಲು ಸಾರಿದ್ದ ಫಾಲ್ಡ್ಸನೇ, ಒಂದೇ ಬೆರಳಿನ ಗುರುತು ಸಾಲದೆಂದು ಆರೋಪಿಗಳ ಪಕ್ಷಕ್ಕೆ ನೆರವಾಗಿ ನಿಂತುದು ಒಂದು ವಿಚಿತ್ರ. ಇಬ್ಬರೂ ಅಪರಾಧಿಗಳೆಂದು ತೀರ್ಪಾಗಿ, ಮೇ 23ರಂದು ಅವರನ್ನು ಗಲ್ಲಿಗೇರಿಸಿದರು.

ಕಮಿಷನರಾಗಿ ಹೆನ್ರಿಯವರ ದಿನಚರಿಯು ಇಂಥ ಪತ್ತೇದಾರಿಯಿಂದಲೇ ತುಂಬಿರಲಿಲ್ಲ. ಸುಮಾರು ಇಪ್ಪತ್ತು ಸಾವಿರ ಪೊಲೀಸರ ದೊಡ್ಡ ದಳವನ್ನು ನಡೆಸುವುದು ಅವರ ಹೊಣೆಯಾಗಿತ್ತು. ಠಾಣೆಗಳಿಗೆ ಟೆಲಿಫೋನುಗಳು ಬಂದುವು. ಕಚೇರಿಗಳಿಗೆ ಟೈಪ್‌ರೈಟರುಗಳು ಬಂದುವು. 1907ರಲ್ಲಿ ಹೊಸಬರ ತರಬೇತಿಗಾಗಿ ಪೀಲ್ ಹೌಸ್ ಎಂಬ ಶಾಲೆಯು ಆರಂಭವಾಯಿತು. ಸ್ತ್ರೀಯರು ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಕಾಲವದು. 1910ರ ನವೆಂಬರ್ 18ರಂದು ಪಾರ್ಲಿಮೆಂಟಿನ ಬಳಿ ಸೇರಿದ ಸ್ತ್ರೀಯರೊಡನೆ ಪೊಲೀಸರು ಒರಟಾಗಿ ನಡೆದುಕೊಂಡರೆಂಬ ಕಪ್ಪು ಚುಕ್ಕೆಯೂ ಅವರ ಆಡಳಿತಕ್ಕೆ ಅಂಟಿಕೊಂಡಿದೆ.

1912ರ ನವೆಂಬರ್ 27ರಂದು ಹೆನ್ರಿಯವರ ಮೇಲೆಯೇ ಕೊಲೆಯ ಪ್ರಯತ್ನ ನಡೆಯಿತು. ಲಂಡನ್ನಿನಲ್ಲಿ ಬಾಡಿಗೆ ವಾಹನ ಓಡಿಸಲು ಪರವಾನಗಿ ಕೊಡುವುದು ಪೊಲೀಸ್ ಕಮಿಷನರ ಅಧಿಕಾರಕ್ಕೆ ಸೇರಿತ್ತು. ಪರವಾನಗಿ ಸಿಗದೆ ನಿರಾಶನಾದ ಆಲ್ಫ್ರೆಡ್ ಬೋಸ್ ಎಂಬ ಯುವಕನು ಕೆನ್ಸಿಂಗ್ಟನ್ನಿನ ಅವರ ಮನೆಯ ಬಾಗಿಲಲ್ಲಿ ಮೂರು ಗುಂಡುಗಳನ್ನು ಹಾರಿಸಿದನು. (ಹೆಸರಿನ ಧ್ವನಿ ಒಂದೇ ಆದರೂ ಈತನಿಗೂ ಕಲ್ಕತ್ತೆಯ ಹೇಮಚಂದ್ರರಿಗೂ ಸಂಬಂಧವಿಲ್ಲ.) ಎರಡು ಗುರಿ ತಪ್ಪಿದುವು, ಒಂದು ಹೊಟ್ಟೆಯನ್ನು ಹೊಕ್ಕಿತು. ಕಾರಿನ ಚಾಲಕನು ಹಾರಿ ಬಿದ್ದು ಅವನನ್ನು ಹಿಡಿದುಕೊಂಡನು. ಹೆನ್ರಿ ಬದುಕಿಕೊಂಡರು, ಆದರೆ ಆ ಗಾಯದ ನೋವು ಆಗಾಗ ಮರುಕಳಿಸಿ, ಕಡೆಯವರೆಗೂ ಅವರನ್ನು ಕಾಡಿತು. ವಿಚಾರಣೆಯ ದಿನ ಅವರು ನ್ಯಾಯಾಲಯಕ್ಕೆ ಬಂದು, ವಿಧವೆಯಾದ ತಾಯಿಯನ್ನು ಸಾಕಲು ಸಂಪಾದನೆಯ ದಾರಿಯನ್ನು ಹುಡುಕುತ್ತಿದ್ದ ಹುಡುಗನಿವನು, ಕರುಣೆ ತೋರಿಸಬೇಕೆಂದು ನ್ಯಾಯಾಧೀಶರನ್ನು ಬೇಡಿಕೊಂಡರು. ಆದರೂ ಅವನಿಗೆ ದೀರ್ಘಕಾಲದ ಸೆರೆವಾಸ ತಪ್ಪಲಿಲ್ಲ.

1914ರಲ್ಲಿ ನಿವೃತ್ತರಾಗಬೇಕೆಂದಿದ್ದ ಹೆನ್ರಿ ಮಹಾಯುದ್ಧ ಆರಂಭವಾದುದರಿಂದ ಹುದ್ದೆಯಲ್ಲಿ ಮುಂದುವರಿದರು. ಅದು ಅವರ ಪಾಲಿಗೆ ಒಳ್ಳೆಯದಾಗಲಿಲ್ಲ. ಯುದ್ಧಕಾಲದಲ್ಲಿ ಪದಾರ್ಥಗಳ ಬೆಲೆ ಏರುತ್ತ ಹೋಯಿತು. ಕಾನ್‌ಸ್ಟೇಬಲ್ಲುಗಳ ಸಂಬಳ ಅದಕ್ಕೆ ತಕ್ಕಂತೆ ಏರಲಿಲ್ಲ. ಅನೇಕರ ಮನೆಗಳಲ್ಲಿ ಮಕ್ಕಳಿಗೆ ಹೊಟ್ಟೆತುಂಬ ಊಟವಿಲ್ಲದಂತಾಯಿತು. ಪೊಲೀಸರು ಸಂಘ ಕಟ್ಟುವುದನ್ನು ಸರ್ಕಾರ ನಿಷೇಧಿಸಿತ್ತು. ಆದರೂ ಸಂಘವು ಗುಟ್ಟಾಗಿ ಬೆಳೆಯಿತು. 1918ರ ಆಗಸ್ಟಿನಲ್ಲಿ ಸಂಘದ ಕಾರ್ಯಕರ್ತನಾದ ಕಾನ್‌ಸ್ಟೇಬಲ್ಲೊಬ್ಬನನ್ನು ಕೆಲಸದಿಂದ ತೆಗೆದುಹಾಕಿದರು. ಆಗ ಹೆನ್ರಿ ರಜೆಯಲ್ಲಿದ್ದರು. ಆಗಸ್ಟ್ 30ರಂದು ಮುಷ್ಕರ ಆರಂಭವಾಯಿತು. ಮರುದಿನದ ವೇಳೆಗೆ ಸುಮಾರು 12,000 ಮಂದಿ ಠಾಣೆಗಳನ್ನು ಬಿಟ್ಟು ಬೀದಿಗೆ ಬಂದಿದ್ದರು. ಯುದ್ಧ ಇನ್ನೂ ನಡೆಯುತ್ತಿರುವಾಗ ರಾಜಧಾನಿಯಲ್ಲಿ ಕಾವಲಿಲ್ಲ! ಪ್ರಧಾನಿ ಲಾಯ್ಡ್ ಜಾರ್ಜ್ ತಾವೇ ಸಂಘದ ಮುಖಂಡರನ್ನು ಕರೆಸಿಕೊಂಡು, ಸಂಬಳವನ್ನೂ ವಿಧವೆಯರ ಪಿಂಚಣಿಯನ್ನೂ ಒಪ್ಪಿ, ವಜಾ ಆದವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು.

ಹೆನ್ರಿ ಅದೇ ದಿನ ರಾಜೀನಾಮೆ ಕೊಟ್ಟರು. ಸಂಬಳವನ್ನು ಏರಿಸುವ ಅಧಿಕಾರ ಅವರ ಕೈಯಲ್ಲಿರಲಿಲ್ಲವೆಂಬುದು ನಿಜ; ತಪ್ಪೆಲ್ಲವನ್ನೂ ಅವರೊಬ್ಬರ ತಲೆಗೆ ಕಟ್ಟಿದುದು ನ್ಯಾಯವಲ್ಲವೆಂದು ಹೇಳಿದವರಿದ್ದರು. ಆದರೂ ಬೆರಳ ಗೆರೆಗಳಿಂದ ಅಪರಿಚಿತರನ್ನು ಗುರುತಿಸುವ ವಿದ್ಯೆಯನ್ನು ಲೋಕಕ್ಕೆ ತೋರಿಸಿದವರು, ತಮ್ಮ ಕೈಕೆಳಗೆ ಪ್ರತಿದಿನ ಪಹರೆ ತಿರುಗುತ್ತಿದ್ದ ಸಾವಿರಾರು ಜನರ ಮುಖದಲ್ಲಿದ್ದ ಹಸಿವನ್ನು ಸಕಾಲದಲ್ಲಿ ಗುರುತಿಸದೆ ಹೋದರು. ಆ ನವೆಂಬರಿನಲ್ಲಿ ಸರ್ಕಾರವು ಅವರಿಗೆ ಬ್ಯಾರನೆಟ್ ಪದವಿಯನ್ನು ಕೊಟ್ಟಿತು.

ಹೆನ್ರಿ ಬರ್ಕ್‌ಷೈರಿನ ಆಸ್ಕಾಟ್ ಬಳಿಯ ಮನೆಯಲ್ಲಿ ವಿಶ್ರಾಂತಿಯ ದಿನಗಳನ್ನು ಕಳೆದರು. 1922ರಲ್ಲಿ ಆಲ್ಫ್ರೆಡ್ ಬೋಸ್ ಸೆರೆಯಿಂದ ಬಿಡುಗಡೆಯಾಗಿ ಬಂದಾಗ, ಅವನು ಕೆನಡಾಕ್ಕೆ ಹೋಗಿ ಹೊಸದಾಗಿ ಬದುಕನ್ನು ಆರಂಭಿಸಲೆಂದು ಹಡಗಿನ ವೆಚ್ಚವನ್ನು ತಾವೇ ಕೊಟ್ಟರು. ಕಲ್ಕತ್ತೆಯ ಸಹಾಯಕರ ಋಣವೊಂದು ಉಳಿದಿತ್ತು. ಸರ್ಕಾರವು ಅಜೀಜುಲ್ ಹಕ್ ಅವರಿಗೆ ಖಾನ್ ಬಹಾದ್ದೂರ್ ಬಿರುದನ್ನೂ 5,000 ರೂಪಾಯಿಗಳ ಗೌರವಧನವನ್ನೂ, ಹೇಮಚಂದ್ರ ಬೋಸ್ ಅವರಿಗೆ ರಾಯ್ ಬಹಾದ್ದೂರ್ ಬಿರುದನ್ನೂ ಕೊಟ್ಟಿತ್ತು. ಆ ವರ್ಗೀಕರಣವು ಸಿದ್ಧವಾಗಲು ತಮ್ಮ ಸಿಬ್ಬಂದಿಯಲ್ಲಿ ಬೇರೆ ಯಾರಿಗಿಂತಲೂ ಹೆಚ್ಚಾಗಿ ದುಡಿದವರು ಹಕ್ ಎಂದು 1926ರಲ್ಲಿ ಹೆನ್ರಿ ಪತ್ರಮುಖೇನ ಒಪ್ಪಿಕೊಂಡರು. ಪುಸ್ತಕ ಪ್ರಕಟವಾಗಿ ಆಗಲೇ ಇಪ್ಪತ್ತಾರು ವರ್ಷಗಳು ಕಳೆದಿದ್ದುವು.

1930ರಲ್ಲಿ ಅವರ ಒಬ್ಬನೇ ಮಗನು ಇಪ್ಪತ್ತೆರಡರ ಪ್ರಾಯದಲ್ಲಿ ಮರಣಹೊಂದಿದನು. ಮರುವರ್ಷ, 1931ರ ಫೆಬ್ರವರಿ 19ರಂದು, ಹೆನ್ರಿ ಹೃದಯಾಘಾತದಿಂದ ನಿಧನರಾದರು. ಅವರನ್ನು ದಕ್ಷಿಣ ಆಸ್ಕಾಟಿನ ಚರ್ಚಿನ ಆವರಣದಲ್ಲಿ ಮಣ್ಣುಮಾಡಿದರು. ಅದಾದ ನಾಲ್ಕು ವರ್ಷಗಳ ಮೇಲೆ ಅಜೀಜುಲ್ ಹಕ್ ಬಿಹಾರದ ಮೋತಿಹಾರಿಯಲ್ಲಿ ತೀರಿಕೊಂಡರು.